ಅಂದ್ರೇನಕ್ಕನ ನಾಲ್ಕು ವಾಕ್ಯ

ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಬಳಕೆಯ ಕೈಪಿಡಿ ಬರೆದವಳು ಅವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಕೈಪಿಡಿಯೊಂದರಲ್ಲಿ 'ಸೂಜಿ ಬದಲಿಸುವ ಮುನ್ನ ಕಾಲು ಎತ್ತಿ' ಎಂದಿದ್ದುದನ್ನು ಕಂಡಳು. ಯಾರ ಕಾಲು? ಬಟ್ಟೆ ಒತ್ತಿ ಹಿಡಿಯುವ ಯಂತ್ರದ ಕಾಲೋ, ಹೊಲಿಯಲು ಕೂತವರ ಕಾಲೋ? ಅಂದಿನಿಂದ ಯಾರು ಏನು ಬರೆದು ತಂದರೂ ಅವಳ ಮೊದಲ ಮಾತು "ಅಂದ್ರೇನು?" ಜೊತೆಯವರು ಅಂದ್ರೇನಕ್ಕ ಎಂದು ಹೆಸರಿಟ್ಟರು. ಕಾರ್ಖಾನೆ ಮುಚ್ಚಿದ ಮೇಲೆ ಸಾಫ್ಟ್‌ವೇರ್ ಕಂಪನಿಗೆ ಬಂದರೆ ಹೆಸರೂ ಬೆನ್ನು ಹತ್ತಿ ಬಂತು.

ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಕೋಡ್ ಬರೆಯುವ, ತಿದ್ದುವ ಕೆಲಸದ ಮುಕ್ಕಾಲು ಪಾಲನ್ನು ಈಗ ಎಐ ಮಾಡುತ್ತಿತ್ತು. ಅದಕ್ಕೆ ಸ್ವಂತ ಕೈಯಿಲ್ಲ. ಪಟ್ಟಿ ಓದಲು ಒಂದು ಸಾಧನ, ಬರೆಯಲು ಒಂದು, ಅಳಿಸಲು ಒಂದು, ಹೀಗೆ ನಲವತ್ತಮೂರು ಸಾಧನಗಳನ್ನು ಅದಕ್ಕೆ ಕೊಟ್ಟಿದ್ದರು. ಎಂಜಿನಿಯರುಗಳು ಅವಕ್ಕೆ ಇಟ್ಟ ಹೆಸರೋ ದೇವರಿಗೇ ಪ್ರೀತಿ: ಪ-೭, ಪ-೮. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಎಐ ತಿಳಿಯಬೇಕಾದ್ದು ಜೊತೆಗೆ ಬರೆದಿಟ್ಟ ವಿವರಣೆ ಓದಿಯೇ. ಆ ವಿವರಣೆ ಬರೆಯುವುದು ಅಂದ್ರೇನಕ್ಕನ ಕೆಲಸ.

ಪ-೭ಕ್ಕೆ ಅವಳು ನಾಲ್ಕು ವಾಕ್ಯ ಬರೆದಳು. 'ಇದು ಹಳೆಯ ಪಟ್ಟಿಯನ್ನು ಪೂರ್ತಿ ಅಳಿಸುತ್ತದೆ. ಓದುವುದಕ್ಕೆ ಇದನ್ನು ಬಳಸಬಾರದು. ಓದಲು ಪ-೮ ಇದೆ. ಅಳಿಸುವ ಮುನ್ನ ಮನುಷ್ಯರೊಬ್ಬರ ಒಪ್ಪಿಗೆ ಕೇಳಬೇಕು.'

ಮ್ಯಾನೇಜರ್ ಮೂಗು ಮುರಿದ. "ಏನಕ್ಕಾ ಇದು, ಹರಿಕಥೆ? ಮೆಷಿನ್ನು ನಮಗಿಂತ ಚುರುಕು, ಅರ್ಥ ಮಾಡ್ಕೊಳ್ಳುತ್ತೆ. ಒಂದು ಸಾಲು ಸಾಕು." ನಾಲ್ಕನ್ನೂ ಹೊಡೆದುಹಾಕಿ ತಾನೇ ಬರೆದ: 'ಹಳೆಯ ಪಟ್ಟಿ ತೆಗೆಯುತ್ತದೆ.'

"ತೆಗೆಯುತ್ತದೆ ಅಂದ್ರೇನು?" ಎಂದಳು. "ಪುಸ್ತಕ ತೆಗಿ ಅಂದ್ರೆ ಹರಿದು ಬಿಸಾಕ್ತೀರಾ? ಬಟ್ಟೆ ಕಲೆ ತೆಗಿ ಅಂದ್ರೆ ಬಿಚ್ಚಿ ಓದ್ತೀರಾ?"

"ನಮಗೆ ಗೊತ್ತಾಗಲ್ವಾ?"

"ನಮಗೆ ಪುಸ್ತಕಾನೂ ಕಲೆನೂ ಕಣ್ಣೆದುರು ಇರುತ್ತೆ. ಮೆಷಿನ್ ಎದುರು ಇರೋದು ನಿಮ್ಮ ಈ ಒಂದು ಸಾಲು."

ಅಷ್ಟರಲ್ಲಿ ಅವನು ಫೋನು ನೋಡತೊಡಗಿದ್ದ. ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು.

ಮೂರು ವಾರ ಕಳೆಯಿತು. ಡಯಾಲಿಸಿಸ್ ಕೇಂದ್ರವೊಂದರಲ್ಲಿ ರೋಗಿಗಳ ಹೆಸರು ಎರಡೆರಡು ಸಲ ಕಾಣುತ್ತಿದೆ ಎಂಬ ದೂರು ಬಂತು. ಸರಿಪಡಿಸಲು ಹೊರಟ ಎಐಗೆ ಹಳೆಯ ಪಟ್ಟಿ ನೋಡಬೇಕಿತ್ತು. 'ತೆಗೆಯುತ್ತದೆ' ಎಂದರೆ ಹೊರತೆಗೆದು ತೋರಿಸುತ್ತದೆ ಎಂದುಕೊಂಡು ಪ-೭ ಎತ್ತಿಕೊಂಡಿತು. ಆ ಪಟ್ಟಿಯಲ್ಲೇ ಇದ್ದ ಮುಂದಿನ ಆರು ವಾರಗಳ ಸರದಿಯೆಲ್ಲ ಅಳಿಸಿಹೋಯಿತು.

ಆ ಕೇಂದ್ರದ ಕೌಂಟರಿನಲ್ಲಿ ಕೂರುವವಳು ಅಂದ್ರೇನಕ್ಕನ ನಾದಿನಿಯೇ. ಸಂಜೆ ಮನೆಗೆ ಬಂದವಳು ಕೈಚೀಲವನ್ನು ಸೋಫಾದ ಮೇಲೆ ಎಸೆದಳು.

"ಬೆಳಿಗ್ಗೆ ಏಳಕ್ಕೇ ಅರವತ್ತು ಜನ, ಅತ್ತಿಗೆ! ಕಂಪ್ಯೂಟರಲ್ಲಿ ಒಬ್ಬರ ಹೆಸರೂ ಇಲ್ಲ. ಯಾರ ಸರದಿ ಯಾವಾಗ ಅಂತ ನನಗೇನು ಕನಸು ಬೀಳುತ್ತಾ? ಆ ರಿಟೈರಾದ ಬಸ್ ಡ್ರೈವರ್ ಇದ್ದಾರಲ್ಲ, ಕಾಲು ಬಾತು ಕಂಬ ಆಗಿತ್ತು. ಮಧ್ಯಾಹ್ನದವರೆಗೂ ಬೆಂಚಲ್ಲೇ ಕೂತಿದ್ರು. ಕೊನೆಗೆ ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಸಾಗಿಸಿದ್ವಿ. ಪಟ್ಟಿ ವಾಪಸ್ ಬಂದಿದ್ದು ಮೂರು ಗಂಟೆಗೆ. ನಿಮ್ಮ ಕಂಪನಿಯವರದ್ದೇ ಕೆಲಸವಂತೆ!"

ಅಂದ್ರೇನಕ್ಕನಿಗೆ ಮೈಯೆಲ್ಲ ಉರಿಯಿತು.

ಮರುದಿನ ಕಂಪನಿಯ ಮುಖ್ಯಸ್ಥೆಯ ಎದುರು ಸಭೆ. ಮ್ಯಾನೇಜರ್ ವರದಿ ಸಿದ್ಧ ಮಾಡಿಕೊಂಡೇ ಬಂದಿದ್ದ: 'ವಿವರಣೆ ಬರೆದವರ ಅಸ್ಪಷ್ಟತೆಯಿಂದ ಎಐ ತಪ್ಪು ಸಾಧನ ಬಳಸಿತು.' ಕೆಳಗೆ ಸಹಿ ಹಾಕಬೇಕಾದವಳು ಅವಳು.

ಎಲಾ ಇವನ! ತಾನು ಹಳ್ಳ ತೋಡಿ, ಬಿದ್ದವರಿಗೆ ಕಣ್ಣಿಲ್ಲ ಎನ್ನುವವನು. ತಿದ್ದುಪಡಿಯ ದಾಖಲೆಯನ್ನು ಅವಳು ಬೆಳಿಗ್ಗೆಯೇ ಮುದ್ರಿಸಿಕೊಂಡಿದ್ದಳು. ಎದ್ದು ನಿಂತು ತನ್ನ ನಾಲ್ಕು ವಾಕ್ಯ, ಅವನ ಒಂದು ಸಾಲು, ಹೊಡೆದುಹಾಕಿದ ತಾರೀಖು, ಗಂಟೆ, ಎಲ್ಲ ಓದಿದಳು. ದನಿ ಪಕ್ಕದ ಕೋಣೆಗೂ ಕೇಳಿತು.

"ಎಲ್ಲರ ಮುಂದೆ ಹೀಗೆ ಕೂಗಾಡೋದು ಸರಿಯಲ್ಲ," ಎಂದ ಮ್ಯಾನೇಜರ್.

"ಮೆಲ್ಲಗೆ ಹೇಳಿದಾಗ ನೀವು ಫೋನ್ ನೋಡ್ತಿದ್ರಿ!"

ಮುಖ್ಯಸ್ಥೆ ಕಾಗದ ತರಿಸಿಕೊಂಡು ಎರಡು ಸಲ ಓದಿದರು. "ಈಗೇನು ಮಾಡಬೇಕು ಹೇಳಿ," ಎಂದರು.

"ನನ್ನ ವಾಕ್ಯ ವಾಪಸ್ ಬರಬೇಕು. ಬರೀ ಬರೆದ್ರೂ ಸಾಲದು, ಮನುಷ್ಯರು ಒಪ್ಪದೆ ಪ-೭ ಓಡದ ಹಾಗೆ ಬೀಗ ಹಾಕಬೇಕು. ಆಮೇಲೆ ಈ ವರದಿ ಸರಿಯಾಗಬೇಕು."

ವಾಕ್ಯಗಳೂ ಬೀಗವೂ ಅಂದೇ ಬಂದವು. ವರದಿ ಮಾತ್ರ 'ಸಂಕ್ಷೇಪಿಸುವಾಗ ಆದ ಲೋಪ' ಎಂದು ಬದಲಾಗಿ ಬಂತು. ಸಂಕ್ಷೇಪಿಸಿದ್ದು ಯಾರು? ಗಾಳಿಯೇ? ಅವಳು ಪೆನ್ನು ತೆಗೆದು, ಆ ಸಾಲಿನ ಮುಂದೆ 'ಮ್ಯಾನೇಜರ್' ಎಂದು ದಪ್ಪಕ್ಷರದಲ್ಲಿ ಸೇರಿಸಿ, ಆಮೇಲೆ ಸಹಿ ಹಾಕಿದಳು. ಯಾರೂ ಅಳಿಸುವ ಧೈರ್ಯ ಮಾಡಲಿಲ್ಲ.

ಡ್ರೈವರ್ ಚೇತರಿಸಿಕೊಂಡರು. ಅಂದ್ರೇನಕ್ಕ ನೋಡಲು ಹೋಗಿ, ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದಳು. ಅವರ ಹೆಂಡತಿ ಎಂದರು: "ಇದರಲ್ಲಿ ನಿಮ್ಮ ತಪ್ಪೇನಮ್ಮಾ?"

"ಅವತ್ತೇ ಜಗಳ ಆಡಬೇಕಿತ್ತು. ಸುಮ್ಮನೆ ಎದ್ದು ಬಂದೆ."

ಆಕೆ ಗಂಡನ ಹೊದಿಕೆ ಸರಿಮಾಡುತ್ತ ಬೆನ್ನು ತಿರುಗಿಸಿದರು. ಅದು ನ್ಯಾಯವೇ ಸರಿ ಎನಿಸಿತು ಅಂದ್ರೇನಕ್ಕನಿಗೆ.

ಉಳಿದ ನಲವತ್ತೆರಡು ವಿವರಣೆಗಳನ್ನು ಅವಳು ಆ ತಿಂಗಳಲ್ಲೇ ಹೊಸದಾಗಿ ಬರೆದಳು. ಮ್ಯಾನೇಜರ್ ಒಂದಕ್ಷರ ಮುಟ್ಟದೆ ಒಪ್ಪಿಗೆ ಕೊಟ್ಟ. ಓದಿದನೋ ಇಲ್ಲವೋ ಯಾರಿಗೆ ಗೊತ್ತು. ಎದುರು ಸಿಕ್ಕರೆ ಅವನು ಮುಖ ತಿರುಗಿಸುತ್ತಾನೆ. ಅವಳು ತಿರುಗಿಸುವುದಿಲ್ಲ, ದಿಟ್ಟಿಸಿ ನೋಡುತ್ತಾಳೆ.