ಮಾರ್ಥಾಳ ಸಣ್ಣ ಗುಂಡು

ಎಂಬತ್ತರ ದಶಕದಲ್ಲಿ ನಮ್ಮ ಸಾಂಟಾ ಕ್ಲಾರಾ ಆಫೀಸಿನಲ್ಲಿ ಜಿಂಕೆ ಬೇಟೆಯಾಡುವವರು ಇಬ್ಬರಿದ್ದರು. ರೇ ಎಂಬಾತನ ರೈಫಲ್ಲಿಗೆ ಆನೆಯೂ ಹೆದರಬೇಕು. ಮಾರ್ಥಾಳ ರೈಫಲ್ಲಿನ ಗುಂಡು ಪೆನ್ಸಿಲ್ಲಿಗಿಂತ ಸಪೂರ. "ಜಿಂಕೆಗೆ ಕಚಗುಳಿ ಇಡ್ತೀಯಾ?" ಎಂದು ರೇ ವರ್ಷವಿಡೀ ಕೆಣಕುತ್ತಿದ್ದ.

ಬೇಟೆಗೆ ಅನುಮತಿಯಿದ್ದ ಸೀಸನ್ನಿನ ಕೊನೆಯ ದಿನ, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ, ಸಸ್ಯಾಹಾರಿಯಾದ ನಾನೂ ಅವರ ಜೊತೆ ಸ್ಯಾನ್ ರಮೋನ್ ಆಚೆಯ ಗುಡ್ಡಕ್ಕೆ ಹೋದೆ. ಆ ವರ್ಷ ಮಾರ್ಥಾಳಿಗೆ ಒಂದು ಜಿಂಕೆಯೂ ಸಿಕ್ಕಿರಲಿಲ್ಲ. ಸಂಜೆ ಎದುರಿನ ಇಳಿಜಾರಿನಲ್ಲಿ ಗಂಡು ಜಿಂಕೆಯೊಂದು ಬಂದು ನಿಂತಿತು. ಅವಳು ಗುರಿಯಿಟ್ಟಳು, ಉಸಿರು ಹಿಡಿದಳು, ಆಮೇಲೆ ರೈಫಲ್ ಕೆಳಗಿಳಿಸಿದಳು.

"ಹೊಡಿ!" ರೇ ಪಿಸುಗುಟ್ಟಿದ.

"ಇಷ್ಟು ದೂರಕ್ಕೆ ನನ್ನ ಗುಂಡು ಗಾಯ ಮಾಡುತ್ತೆ, ಕೊಲ್ಲಲ್ಲ."

"ಹಾಗಾದ್ರೆ ನನ್ನ ರೈಫಲ್ ತಗೋ."

"ಬೇಡಪ್ಪ. ಅದು ಭುಜಕ್ಕೆ ಒದೆಯುತ್ತೆ ಅಂತ ಮೊದಲೇ ಕಣ್ಣು ಮುಚ್ಚಿಬಿಡ್ತೀನಿ. ನೀನೂ ಮುಚ್ತೀಯ."

ಅವಮಾನವಾದಂತಾಗಿ ರೇ ತಾನೇ ಹೊಡೆದ. ಗುಡ್ಡವೆಲ್ಲ ಗುಡುಗಿತು. ಜಿಂಕೆ ಓಡಿ ಮರೆಯಾಯಿತು.

ಮಾರ್ಥಾ ಆ ಇಳಿಜಾರಿನವರೆಗೂ ನಡೆದುಹೋಗಿ, ಎಲ್ಲೂ ರಕ್ತ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡೇ ವಾಪಸು ಬಂದಳು.

ನಾನು ಕಂಡ ಅತ್ಯುತ್ತಮ ಬೇಟೆಗಾರ್ತಿ ಅವಳೇ ಎಂದು ಈಗಲೂ ಹೇಳುತ್ತೇನೆ. ಏನನ್ನೂ ಕೊಲ್ಲದೆ ಬಂದದ್ದರಿಂದ, ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಅಲ್ಲಗಳೆದಿಲ್ಲ.