ಹನ್ನೊಂದು ಗಂಟೆಯ ಹಲಗೆ

ನಮ್ಮ ಚಿಕ್ಕಪ್ಪನನ್ನು ಟೈಮ್ ಕೇಳಿದವರಿಗೆ ಸಿಟ್ಟು ಬರದೆ ಇರುವುದಿಲ್ಲ. "ಇಪ್ಪತ್ತು ನಿಮಿಷ... ಹತ್ತು ಗಂಟೆ" ಎನ್ನುತ್ತಾರೆ. ಯಾಕೆ ಹೀಗೆ ಉಲ್ಟಾ ಎಂದು ಕೇಳಿದಿರೋ, ಕೆಟ್ಟಿರಿ, ಅದಕ್ಕೊಂದು ದೊಡ್ಡ ಪುರಾಣ ಶುರುವಾಗುತ್ತದೆ. ಅವರು ಹವಾಮಾನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಥರ್ಮಾಮೀಟರ್ ಓದಿದವರು. ಮನುಷ್ಯ ಹತ್ತಿರ ಬಂದರೆ ಸಾಕು, ಮೈಯ ಕಾವಿಗೆ ಪಾದರಸ ಏರತೊಡಗುತ್ತದಂತೆ. ಅದಕ್ಕೇ ಉಸಿರು ಬಿಗಿಹಿಡಿದು ಮೊದಲು ಪಾಯಿಂಟಿನ ಆಚೆಯ ಅಂಕಿ ಓದಬೇಕು, ಆಮೇಲೆ ಪೂರ್ತಿ ಅಂಕಿ. ಆ ಚಾಳಿ ಗಡಿಯಾರಕ್ಕೂ ಅಂಟಿಕೊಂಡುಬಿಟ್ಟಿದೆ.

ನಿವೃತ್ತರಾದ ಮೇಲೂ ಸುಮ್ಮನೆ ಕೂರುವ ಜೀವ ಅಲ್ಲ ಅದು. ನನ್ನದೊಂದು ಲಾಂಡ್ರಿ ಇದೆ, ಆಸ್ಪತ್ರೆಗಳ ಚಾದರ, ದಿಂಬಿನ ಕವರು ಒಗೆದು ಇಸ್ತ್ರಿ ಮಾಡಿ ಕೊಡುವುದು ನಮ್ಮ ಕೆಲಸ. ಅದರ ಹಿಂದಿನ ಅಂಗಳದಲ್ಲಿ ಚಿಕ್ಕಪ್ಪ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದನ್ನು ಕಂಬದ ಮೇಲೆ ಕೂರಿಸಿದ್ದರು. ಒಳಗೆ ಎರಡು ಥರ್ಮಾಮೀಟರ್. ಒಂದು ಒಣಗಿದ್ದು. ಇನ್ನೊಂದರ ಬುಡಕ್ಕೆ ಮಲ್ಮಲ್ ಬಟ್ಟೆ ಸುತ್ತಿ, ಅದರ ತುದಿಯನ್ನು ಕೆಳಗಿನ ನೀರಿನ ಬಟ್ಟಲಿಗೆ ಇಳಿಬಿಟ್ಟಿದ್ದರು. ಬಟ್ಟೆಯ ನೀರು ಆರುವಾಗ ಆ ಥರ್ಮಾಮೀಟರ್ ತಣ್ಣಗಾಗುತ್ತದೆ. ಗಾಳಿ ಒಣಗಿದ್ದರೆ ಎರಡರ ನಡುವೆ ತುಂಬಾ ಅಂತರ, ಗಾಳಿಯಲ್ಲಿ ತೇವ ಜಾಸ್ತಿಯಾದಷ್ಟೂ ಎರಡೂ ಹತ್ತಿರ ಹತ್ತಿರ. ದಿನಾ ಹನ್ನೊಂದಕ್ಕೆ ಓದಿ, ಬಾಗಿಲ ಬಳಿಯ ಹಲಗೆಯ ಮೇಲೆ ಅಂದಿನ ಸ್ಥಿತಿ, ಮುಂದಿನ ನಾಲ್ಕು ದಿನದ ಭವಿಷ್ಯ ಎರಡನ್ನೂ ಬರೆಯುತ್ತಿದ್ದರು. ಮಧ್ಯಾಹ್ನ ಹಬೆಯಲ್ಲಿ ಇಸ್ತ್ರಿ ಮಾಡುವ ಸ್ಟೀಮ್ ಪ್ರೆಸ್ ಓಡಬೇಕೋ ಬೇಡವೋ ಎನ್ನುವುದು ಆ ಹಲಗೆಯ ಮೇಲೆ ತೀರ್ಮಾನವಾಗುತ್ತಿತ್ತು.

ಈ ನಿಯಮ ಬಂದದ್ದು ನಮ್ಮ ಅಕ್ಕನ ದೆಸೆಯಿಂದ. ಪ್ರೆಸ್ ರೂಮಿನ ಯಜಮಾನಿಕೆ ಅವಳದು. ಹೋದ ಬೇಸಿಗೆಯಲ್ಲಿ ಆ ಹಬೆಯಲ್ಲಿ ನಿಂತು ನಿಂತು ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದು, ನಾವೇ ಚಾದರ ಒಗೆದುಕೊಡುವ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದಳು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವಳೋ, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವಳಲ್ಲ. ಚಿಕ್ಕಪ್ಪನ ಹಲಗೆಯೊಂದಕ್ಕೆ ಮಾತ್ರ ತಲೆಬಾಗುತ್ತಿದ್ದಳು.

ಈಗ ನನ್ನ ಘನಕಾರ್ಯ ಕೇಳಿ. ಪೆಟ್ಟಿಗೆಯಲ್ಲಿದ್ದ ಆ ಮಲ್ಮಲ್ ಚಿಂದಿ ಕಂದುಬಣ್ಣಕ್ಕೆ ತಿರುಗಿತ್ತು. ಊರವರ ಬಟ್ಟೆ ಒಗೆಯುವ ನಾವು ನಮ್ಮ ಮನೆಯ ಹಿರಿಯರ ಬಟ್ಟೆಯನ್ನು ಹೀಗಿಡುವುದೇ? ಚಿಕ್ಕಪ್ಪ ತಿಂಡಿಗೆ ಹೋಗಿದ್ದಾಗ ಅದನ್ನು ಕಿತ್ತೆಸೆದು, ಹೊಸ ಮಲ್ಮಲ್ ತುಂಡೊಂದನ್ನು ಒಗೆದು, ಗಂಜಿ ಹಾಕಿ, ನೀಟಾಗಿ ಇಸ್ತ್ರಿ ಮಾಡಿ ಸುತ್ತಿಬಿಟ್ಟೆ. ಗಂಜಿ ಯಾಕೆ ಎಂದರೆ ಏನು ಹೇಳಲಿ? ಕೈ ಅಭ್ಯಾಸ. ಬಿಳಿ ಬಟ್ಟೆ ಕಂಡರೆ ಗಂಜಿಯ ಬಕೆಟ್‌ಗೆ ಅದ್ದುವ ಕೈ ಇದು.

ಅವತ್ತು ಹನ್ನೊಂದಕ್ಕೆ ಚಿಕ್ಕಪ್ಪ ಓದಿದರು. ಹುಬ್ಬು ಗಂಟಿಕ್ಕಿತು. ಮತ್ತೆ ಓದಿದರು. ಎರಡೂ ಹೆಚ್ಚುಕಮ್ಮಿ ಒಂದೇ! ಮೂವತ್ತಾರು ಡಿಗ್ರಿಯ ಬಿಸಿಲು, ಗಾಳಿಯ ತುಂಬ ತೇವ ಎಂದಾಯಿತು. "ಮೈಗೆ ಹಾಗನ್ನಿಸ್ತಿಲ್ವಲ್ಲ" ಎಂದು ಗೊಣಗಿದರೂ ಪಾದರಸವನ್ನೇ ನಂಬಿ "ಭಾರೀ ಅಪಾಯ, ಪ್ರೆಸ್ ನಿಲ್ಲಿಸಿ" ಎಂದು ಬರೆದರು. ಎಂಟು ಜನ ಕೈಕಟ್ಟಿ ಕೂತೆವು. ಇತ್ತ ತಂತಿಯ ಮೇಲಿನ ಚಾದರಗಳು ಅರ್ಧ ಗಂಟೆಯಲ್ಲಿ ಒಣಗಿ ಗರಿಗರಿಯಾದವು.

"ಗಾಳಿಯಲ್ಲಿ ನೀರು ತುಂಬಿದ್ರೆ ಚಾದರ ಹಿಂಗೆ ಒಣಗುತ್ತಾ?" ಅಕ್ಕ ಒಂದು ಚಾದರವನ್ನು ಅವರ ಮುಂದೆ ಹಿಡಿದಳು. "ಪಾಪ, ಚಿಕ್ಕಪ್ಪನಿಗೆ ವಯಸ್ಸಾಯ್ತು ಬಿಡ್ರೇ. ನಾಳೆಯಿಂದ ಆ ಹಲಗೆ ಕಡೆ ಯಾರೂ ನೋಡ್ಬೇಡಿ."

ಎಲ್ಲರೂ ಕಿಸಕ್ಕನೆ ನಕ್ಕರು. ನಾನೂ ನಕ್ಕೆ, ನಾಚಿಕೆಗೆಟ್ಟವಳು. ಚಿಕ್ಕಪ್ಪ ಮಾತ್ರ ಹಲಗೆಯ ಕೆಳಭಾಗದಲ್ಲಿ ಸಾವಕಾಶವಾಗಿ ಬರೆದರು: "ನಾಳೆಯಿಂದ ಗಾಳಿ ನಿಲ್ಲುತ್ತದೆ. ಮೂರು ದಿನ ಸೆಕೆ. ನಾಲ್ಕನೇ ದಿನ ಸಂಜೆ ಮಳೆ."

ಮಾರನೇ ದಿನ ಎಲೆ ಅಲುಗಲಿಲ್ಲ. ಉಟ್ಟ ಬಟ್ಟೆ ಬೆನ್ನಿಗೆ ಅಂಟಿಕೊಂಡಿತು. ಒಗೆದು ಹಾಕಿದ ಚಾದರಗಳು ಹತ್ತಾದರೂ ಒದ್ದೆಯಾಗೇ ನೇತಾಡುತ್ತಿದ್ದವು. ಅಕ್ಕ ಹಟಕ್ಕೆ ಬಿದ್ದವಳಂತೆ ಬಾಯ್ಲರ್ ಹಚ್ಚಿಸಿ ನಾಲ್ವರೊಂದಿಗೆ ಪ್ರೆಸ್ ರೂಮಿಗೆ ನುಗ್ಗಿದಳು. ನಿನ್ನೆಯ ಬಾಕಿ ಕೆಲಸವೂ ತಲೆಯ ಮೇಲಿತ್ತು.

ಹನ್ನೊಂದಕ್ಕೆ ಮುಂಚೆ ಚಿಕ್ಕಪ್ಪ ನನ್ನನ್ನು ಅಂಗಳಕ್ಕೆ ಕರೆದರು. ಅವರ ಬೆರಳ ನಡುವೆ ಆ ಮಲ್ಮಲ್ ತುಂಡು ಕಾಗದದ ಹಾಗೆ ಸೆಟೆದು ನಿಂತಿತ್ತು.

"ಗಂಜಿ ವಾಸನೆ ಬರ್ತಿದೆ. ಯಾರ ಕೆಲಸ ಇದು?"

"ಚಿಕ್ಕಪ್ಪಾ... ಕೊಳೆಯಾಗಿತ್ತು ಅಂತ..."

"ಗಂಜಿ ಬಟ್ಟೆ ನೀರು ಕುಡಿಯಲ್ಲ ಮಗಳೇ. ನಿನ್ನೆ ಅದು ಒದ್ದೆಯೇ ಆಗಿರಲಿಲ್ಲ. ಎರಡೂ ಒಣ ಥರ್ಮಾಮೀಟರೇ! ಮುಟ್ಟಿ ನೋಡದೆ ಬರೆದೆನಲ್ಲ, ತಪ್ಪು ನಂದು." ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಳೇ ಮೆತ್ತನೆ ಬಟ್ಟೆ ಸುತ್ತಿ, ನೀರು ತುದಿಯಿಂದ ಬುಡದವರೆಗೆ ಏರಿದ್ದನ್ನು ಮುಟ್ಟಿ ನೋಡಿ, ಕಾದು, ಉಸಿರು ಬಿಗಿಹಿಡಿದು ಓದಿದರು. "ಎರಡು... ಮೂವತ್ತೆರಡು." ಒದ್ದೆ ಬಟ್ಟೆಯಲ್ಲೇ ಮೂವತ್ತೆರಡು ಪಾಯಿಂಟ್ ಎರಡು! "ಇದು ಬಯಲಿನ ಲೆಕ್ಕ. ಒಳಗೆ ಹಬೆಯಲ್ಲಿ ಇನ್ನೂ ಜಾಸ್ತಿ. ಬೆವರು ಸುರಿಯುತ್ತೆ, ಆರಲ್ಲ. ಆರದೆ ಮೈ ತಣ್ಣಗಾಗಲ್ಲ. ನಡಿ ಬೇಗ!"

ಪ್ರೆಸ್ ರೂಮಿನ ಬಾಗಿಲಲ್ಲಿ ಅವರು ಕೂಗಿದರು, "ನಿಲ್ಸಿ! ಎಲ್ಲರೂ ಆಚೆ ಬನ್ನಿ!"

ಹಬೆಯ ಒಳಗಿಂದ ಅಕ್ಕನ ದನಿ ಬಂತು, "ನಿನ್ನೇನೂ ಇದೇ ರಾಗ ಹಾಡಿದ್ರಿ. ಹೋಗಿ ಮಲಕ್ಕೊಳ್ಳಿ ಚಿಕ್ಕಪ್ಪ."

"ನಿನ್ನೆ ನಂದು ತಪ್ಪಾಯ್ತು. ಇವತ್ತು ತಪ್ಪಿಲ್ಲ."

"ಯಾಕೆ ತಪ್ಪಾಯ್ತು, ಹೇಳಿ ನೋಡೋಣ?"

ಚಿಕ್ಕಪ್ಪ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಲಸದವರ ಮುಂದೆ ಯಜಮಾನತಿಯಾದ ನನ್ನ ಮಾನ ಹೋಗಬಾರದೆಂದು ತಮ್ಮ ಮೂವತ್ತೊಂದು ವರ್ಷದ ಮಾನವನ್ನೇ ಪಣಕ್ಕಿಟ್ಟು ನಿಂತಿದ್ದರು ಆ ಮಹಾನುಭಾವ. ಅಕ್ಕನ ಮುಖ ಕೆಂಡದ ಹಾಗೆ ಕೆಂಪಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಥರ್ಮಾಮೀಟರಿನ ಬಟ್ಟೆಗೆ ಗಂಜಿ ಹಾಕಿದ್ದು ನಾನು ಕಣೇ! ಇಸ್ತ್ರಿನೂ ಮಾಡಿದ್ದೆ!"

ಬೇರೆಯವರಾಗಿದ್ದರೆ ಅರ್ಧ ಗಂಟೆ ಬಿಡಿಸಿ ಹೇಳಬೇಕಿತ್ತು. ಇವರು ಗಂಜಿಯಲ್ಲೇ ಕೈ ಸವೆಸಿದವರು.

"ಗಂಜಿ ಬಟ್ಟೆ ನೀರು ಎಲ್ಲಿ ಕುಡಿಯುತ್ತೆ, ಪೆದ್ದೀ!" ಎಂದಳು ಅಕ್ಕ. ಎಂದವಳೇ ಹಬೆಯ ವಾಲ್ವ್ ತಿರುಗಿಸಿ ನಿಲ್ಲಿಸಿದಳು. ಹೊಸಿಲು ದಾಟಿದ್ದೇ ತಡ, ಕಾಲು ತಡವರಿಸಿ ನನ್ನ ಮೇಲೆ ಒರಗಿದಳು. ಬೇವಿನ ಮರದ ನೆರಳಿಗೆ ಎಳೆದುಕೊಂಡು ಹೋದೆವು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಟವೆಲ್ ಇಟ್ಟು, ಇಬ್ಬರು ಚಾದರ ಹಿಡಿದು ಬೀಸಿದರು. ನಾನು ಅಳುತ್ತಲೇ ನೀರು ಕುಡಿಸಿದೆ. ಹತ್ತು ನಿಮಿಷಕ್ಕೆ ಕಣ್ಣು ನೆಟ್ಟಗೆ ಬಿಟ್ಟು, "ಅಳ್ಬೇಡ್ವೇ, ಸೆಕೆ ಇನ್ನೂ ಜಾಸ್ತಿ ಆಗುತ್ತೆ" ಎಂದಳು. ಆಗ ನನಗೆ ಜೀವ ಬಂತು.

ಮುಂದಿನ ಎರಡು ದಿನ ಬೆಳಗಿನ ಐದಕ್ಕೆ ಪ್ರೆಸ್ ಹಚ್ಚಿ ಹತ್ತಕ್ಕೆ ಆರಿಸಿದೆವು. ಆಸ್ಪತ್ರೆಗೆ ಒಂದು ಚಾದರವೂ ತಪ್ಪಲಿಲ್ಲ. ನಾಲ್ಕನೇ ದಿನ ಗಾಳಿ ತಿರುಗಿ ಮಳೆ ಬಂತು, ಆದರೆ ಸಂಜೆಗಲ್ಲ, ಮಧ್ಯಾಹ್ನಕ್ಕೇ. "ಇದಕ್ಕೇನು ಅವಸರವಿತ್ತೋ!" ಎಂದು ಚಿಕ್ಕಪ್ಪ ಮಳೆಯ ಮೇಲೇ ರೇಗಿದರು.

ಆ ಮಳೆ ನೋಡುತ್ತಾ ಕೇಳಿದೆ, "ಅವತ್ತು ಬಾಗಿಲಲ್ಲಿ ನನ್ನ ವಿಷಯ ಯಾಕೆ ಬಾಯಿ ಬಿಡಲಿಲ್ಲ ಚಿಕ್ಕಪ್ಪ? ಅಕ್ಕ ಆಚೆ ಬರದೇ ಹೋಗಿದ್ದಿದ್ರೆ?"

"ನೀನೇ ಹೇಳ್ತೀಯ ಅಂತ ಗೊತ್ತಿತ್ತಲ್ಲ" ಎಂದರು. "ನೀನು ನಾಲ್ಕು ವರ್ಷದವಳಿದ್ದಾಗಿಂದ ನಿನ್ನ ಮುಖ ನೋಡ್ತಿದೀನಿ. ಮಳೆ ವಿಷಯದಲ್ಲಿ ಗಂಟೆ ಎರಡು ಗಂಟೆ ಹಿಂದೆಮುಂದೆ ಆಗಬಹುದು. ನಿನ್ನ ವಿಷಯದಲ್ಲಿ ಒಂದು ನಿಮಿಷವೂ ಆಗಲ್ಲ."