ಮೂವತ್ತೈದು ಓಮ್ ಮತ್ತು ನನ್ನ ನಾಲಿಗೆ

ಹದಿನಾರು ಹೆಂಗಸರ ಮುಂದೆ ನಾನು ಈರಣ್ಣನವರನ್ನು ಕಳ್ಳ ಎಂದೆ. ಅದೂ ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕರೆದು, ಕೈಯಲ್ಲಿ ಕುಸುರೆಳ್ಳು ಹಿಡಿದುಕೊಂಡು!

ಕಾರಣ, ಉಮದಿ ಪೇಟೆಯ ಅವರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ನೀರು ಕಾಯಿಸುವ ರಾಡ್. ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿತ್ತು. ವಿಜಯಪುರದ ನನ್ನ ತಂಗಿಯ ಮನೆಯಲ್ಲಿ ಅಂಥದೇ ರಾಡ್ ಒಂದು ಬಕೆಟ್ ನೀರನ್ನು ಹದಿನಾರು ನಿಮಿಷಕ್ಕೆ ಕಾಯಿಸುತ್ತದೆ. ನಮ್ಮಲ್ಲಿ ಇಪ್ಪತ್ತೊಂಬತ್ತು. (ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವನ್ನೂ ಲೆಕ್ಕದ ವಹಿಯಲ್ಲಿ ಬರೆದಿಡುವವಳು ನಾನು, ನಿಮಗೆ ಗೊತ್ತಲ್ಲ.)

"ಡುಪ್ಲಿಕೇಟ್ ಮಾಲರಿ. ಯಾರೂ ಅಲ್ಲಿ ತಗೋಬ್ಯಾಡ್ರಿ" ಎಂದೆ. ವಹಿ ತೋರಿಸಿದೆ. ಎಲ್ಲರೂ ನಂಬಿದರು. ಓಣಿಯ ಹೆಂಗಸರು ಒಂದು ಬಲ್ಬು ಕೊಳ್ಳಲೂ ಜತ್ತ ಪೇಟೆಯ ಬಸ್ ಹತ್ತತೊಡಗಿದರು. ನನಗೋ ಹೆಮ್ಮೆ!

ಆಮೇಲೊಂದು ದಿನ ಮುಂಜಾನೆ ಸುನಂದಾ ಬಂದಳು. ಮೋಟಾರ್ ರಿವೈಂಡಿಂಗ್ ಮಾಡುವವಳು, ಸುಟ್ಟಿದ್ದ ನಮ್ಮ ಬೋರಿನ ಮೋಟಾರಿಗೆ ಹೊಸ ತಂತಿ ಸುತ್ತಿ ತಂದಿದ್ದಳು. ಚಹಾ ಕೊಡುತ್ತ ಕಥೆ ಹೇಳಿದೆ.

"ಕಳ್ಳ ಅನ್ನೂಕಿಂತ ಮೊದಲ ಅಳದೀರೇನ್ರಿ, ವೈನಿ?"

"ದಿನಾ ಅಳದೀನಿ! ನೋಡು ವಹಿ."

"ನಿಮಿಷ ಅಳದೀರಿ. ವೋಲ್ಟ್?"

ಅವಳು ರಾಡ್ ಹಚ್ಚಿ, ಮೀಟರ್ ಇಟ್ಟಳು. 170 ವೋಲ್ಟ್. 4.8 ಆ್ಯಂಪಿಯರ್.

"ಭಾಗಸ್ರಿ."

ವಹಿಯಲ್ಲೇ ಭಾಗಿಸಿದೆ. ಮೂವತ್ತೈದು ಚಿಲ್ಲರೆ. ಅದು ರಾಡಿನ ರೆಸಿಸ್ಟನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯಂತೆ, ಇಷ್ಟು ಓಮ್.

"ಈಗ ಗುಣಸ್ರಿ." 170 ಗುಣಿಸು 4.8. ಬಂದದ್ದು 816 ವ್ಯಾಟ್.

"ನೋಡಿದ್ಯಾ! ಅರ್ಧಾ ತಿಂದಾನ!" ಎಂದೆ.

"ತಡೀರಿ. ನಿಮ್ಮನಿ ಲೈನಿನ ಕಡೀ ಕಂಬಕ್ಕ ಐತಿ. ಮುಂಜಾನೆ ಎಲ್ಲಾರ ಮೋಟಾರೂ ಚಾಲೂ. ವೋಲ್ಟ್ ನಿಮಗ ಮುಟ್ಟೂದೇ ಇಲ್ಲ. ಪೂರಾ 230 ಬಂದ್ರ?"

ರಾಡಿನ ಓಮ್ ಹೆಚ್ಚೂಕಡಿಮೆ ಅಷ್ಟೇ ಇರುತ್ತದಂತೆ. 230ನ್ನು ಮೂವತ್ತೈದರಿಂದ ಭಾಗಿಸಿದೆ, ಆರೂವರೆ ಚಿಲ್ಲರೆ ಆ್ಯಂಪಿಯರ್. ಆರೂವರೆಯನ್ನು ಮತ್ತೆ 230ರಿಂದ ಗುಣಿಸಿದೆ. 1495 ವ್ಯಾಟ್! ವೋಲ್ಟ್ ಕಾಲುಭಾಗ ಇಳಿದರೆ ಆ್ಯಂಪಿಯರೂ ಜೊತೆಗೇ ಇಳಿಯುತ್ತದೆ. ಹಾಗಾಗಿ ಕಾವು ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ರಾಡ್ ಅಸಲಿಯೇ.

"ಐದು ವ್ಯಾಟ್ ಕಮ್ಮಿ ಬಂತಲ್ಲ?" ಎಂದೆ, ಸಣ್ಣ ದನಿಯಲ್ಲಿ.

"ಅದು ನೀವು ಚಿಲ್ಲರೆ ಬಿಟ್ಟಿದ್ದು, ವೈನಿ. ಅದನ್ನೂ ಅವರ ಮ್ಯಾಲ ಹಾಕ್ತೀರೇನು?"

ನಗು ಬರಲಿಲ್ಲ. ಈರಣ್ಣನವರನ್ನು ಗುಟ್ಟಾಗಿ ಕಂಡು ಕ್ಷಮೆ ಕೇಳಿದರೆ ಸಾಕೇ? ಸುನಂದಾ ಒಪ್ಪಲಿಲ್ಲ. "ಮಂದ್ಯಾಗ ಅಂದೀರಿ, ಮಂದ್ಯಾಗ ತಿದ್ರಿ."

ಸಂತೆಯ ದಿನ, ಅಂಗಡಿ ತುಂಬಿದ ಹೊತ್ತಿಗೆ ಹೋದೆ. ಜೊತೆಗೆ ಆ ಹದಿನಾರರಲ್ಲಿ ಒಂಬತ್ತು ಜನ. (ಉಳಿದವರ ಮನೆಗೆ ಮರುದಿನ ನಾನೇ ಹೋಗಿಬಂದೆ.) ವಹಿ ಬಿಚ್ಚಿ, ಲೆಕ್ಕ ಓದಿ, "ತಪ್ಪು ನಂದ್ರಿ" ಎಂದೆ.

ಈರಣ್ಣನವರು ತಕ್ಕಡಿಯಲ್ಲಿದ್ದ ಮೊಳೆಗಳನ್ನು ಗಿರಾಕಿಗೆ ಕಟ್ಟಿಕೊಟ್ಟರು. ಆಮೇಲೆ ಸ್ಟೂಲ್ ಸರಿಸಿದರು. "ಕುಂದ್ರಿ, ಅಕ್ಕಾರ. ಮೊದಲ ಚಾ ಕುಡೀರಿ. ಆ ಹಾಳಿ ನನಗ ಕೊಡ್ರಿ."

ನನ್ನ ವಹಿಯ ಆ ಹಾಳೆ ಈಗ ಅವರ ಅಂಗಡಿಯ ಗೋಡೆಯ ಮೇಲಿದೆ. ನನ್ನನ್ನು ಅಷ್ಟಕ್ಕೇ ಕ್ಷಮಿಸಿಬಿಟ್ಟರಲ್ಲ, ಆ ದೊಡ್ಡ ಮನಸ್ಸನ್ನು ಯಾವ ಮೀಟರಿನಲ್ಲಿ ಅಳೆಯಲಿ? ಎದುರಿಗೇ ತಿದ್ದಿದ ಸುನಂದಾಳಿಗೂ ನಾನು ಋಣಿ.

ರಾಡ್ ಕೊಳ್ಳಲು ಬಂದವರನ್ನು ಈರಣ್ಣನವರು ಈಗ ಮೊದಲು ಕೇಳುತ್ತಾರೆ, "ನಿಮ್ಮನ್ಯಾಗ ಮುಂಜಾನೆ ವೋಲ್ಟ್ ಎಷ್ಟ ಬರ್ತೈತ್ರಿ?"

ಸಂಕ್ರಾಂತಿಯ ದಿನ ಬಾಯಿ ತೆರೆಯುವ ಮುಂಚೆ ನನಗೆ ಆ ಒಂದು ಪ್ರಶ್ನೆ ಹೊಳೆಯಬಾರದಿತ್ತೇ?